ಬಿಡಲು ಕಾರಣ

ಡಾನ್‌ಕಾಸ್ಟರಿನ ಅಂಚು. ಸೂಪರ್‌ಮಾರ್ಕೆಟ್ಟಿನ ಒಳಗೆ
ಔಷಧದಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ
ಗಾಜಿನ ಗೋಡೆಯ ನಮ್ಮ ಟ್ಯೂಷನ್ ಕೇಂದ್ರ.
ನಾನು ಅದರ ಮ್ಯಾನೇಜರ್. ವಯಸ್ಸು ಇಪ್ಪತ್ತೆರಡು,
ಭೂವಿಜ್ಞಾನದ ಪದವಿ, ಕಚ್ಚುವ ಹೊಸ ಬೂಟು,
ಎದೆಯ ಬಿಲ್ಲೆಯ ಮೇಲೆ ರೊವೀನಾ ಅಂತ ಹೆಸರು.

ಕಲ್ಲು ಓದಲು ಕಲಿತವಳು ನಾನು.
ಒಂದಂಗುಲ ಜೇಡಿ ಕೂರಲು ಎಷ್ಟು ಸಾವಿರ ವರ್ಷ ಬೇಕು,
ಕೇಳಿ, ಹೇಳುತ್ತೇನೆ.
ಮೊದಲ ವಾರ ಯಾರೂ ಕೇಳಲಿಲ್ಲ.
ಕೇಳಿದ್ದು: ಟಾಯ್ಲೆಟ್ ಎಲ್ಲಿ,
ಹಸಿರು ಪೆನ್ಸಿಲ್ಲೇ ಯಾಕೆ ಮುರಿಯುತ್ತದೆ,
ನೀನು ನಿಜವಾದ ಟೀಚರಾ?

ಅಲ್ಲ ಅಂದೆ.
ತರಬೇತಿಯ ಕಡತದಲ್ಲಿ ಅದೊಂದಕ್ಕೆ
ಉತ್ತರ ಬರೆದಿರಲಿಲ್ಲ.

ನಾಲ್ಕು ಗಂಟೆಗೆ ಪಕ್ಕದಲ್ಲಿ ಬ್ರೆಡ್ಡಿನ ಒಲೆ ತೆರೆಯುತ್ತಾರೆ.
ಆ ವಾಸನೆಯಲ್ಲಿ ಏಳರ ಮಗ್ಗಿ
ಏಳುತ್ತದೆ, ಬೀಳುತ್ತದೆ, ಐವತ್ತಾರರ ಹತ್ತಿರ ಕೂತೇ ಬಿಡುತ್ತದೆ.
ಪಾಠ ಹೇಳುವ ನುಸ್ರತ್‌ಗೆ ಹದಿನೇಳು,
ಅವಳ ಪರೀಕ್ಷೆಯೇ ಮುಂದಿನ ತಿಂಗಳು.
ನಾನು ಗಾಜಿನಾಚೆ ತರಕಾರಿ ತಳ್ಳುವವರ ಕಡೆ ನೋಡಿ ನಗಬೇಕು,
ಮಗುವಿರುವ ಗಾಡಿ ಕಂಡರೆ ಇನ್ನೂ ಅಗಲವಾಗಿ.
ವಾರಕ್ಕೆ ಎಂಟು ಉಚಿತ ತರಗತಿ, ಅದರಲ್ಲಿ ಮೂರು ಸೇರ್ಪಡೆ:
ಇದು ಗಿಲಿಯನ್ ಕೊಟ್ಟ ಲೆಕ್ಕ. ಅವಳ ಕೈಲಿ ಹದಿನಾಲ್ಕು ಶಾಖೆ.

ಕ್ಯಾಲಮ್‌ಗೆ ಒಂಬತ್ತು ವರ್ಷ. ಮೇಜಿನ ಅಡಿಯಲ್ಲಿ ಕೂತು ಲೆಕ್ಕ ಮಾಡುತ್ತಾನೆ.
ಬಾ ಮೇಲೆ ಅಂದರೆ ಬರುವುದಿಲ್ಲ,
ನಾನೇ ಕೆಳಗಿಳಿದೆ, ಕ್ಲಿಪ್‌ಬೋರ್ಡ್ ಸಮೇತ.
ಅರ್ಧಕ್ಕೆ ಕಾಲು ಸೇರಿಸಿದರೆ?
ಛೇದ ಬೇರೆ ಬೇರೆ ಇದೆಯಲ್ಲ, ಅಂದ,
ನನಗೇ ಅಷ್ಟೂ ಗೊತ್ತಿಲ್ಲ ಅನ್ನುವ ಹಾಗೆ.
ಮೊದಲು ಅದನ್ನು ಸಮ ಮಾಡಬೇಕು.

ಗುರುವಾರ ಅವನ ತಾಯಿ ಬಂದರು. ಕೋಟು ಬಿಚ್ಚಲಿಲ್ಲ.
ಗೋದಾಮಿನಲ್ಲಿ ಅವರ ಗಂಡನ ರಾತ್ರಿ ಪಾಳಿ ನಿಂತಿದೆಯಂತೆ.
ಇಷ್ಟನ್ನು ಮೂರು ಸಲ ಹೇಳಿದರು, ಪ್ರತಿ ಸಲ ಸಣ್ಣ ದನಿಯಲ್ಲಿ.

ಬಿಟ್ಟು ಹೋಗುವವರಿಗೆ ಕೇಳಬೇಕಾದ ಮೂರು ಪ್ರಶ್ನೆ
ನನ್ನ ಡ್ರಾಯರಿನಲ್ಲಿದ್ದವು, ಪ್ಲಾಸ್ಟಿಕ್ ಹೊದಿಕೆಯಲ್ಲಿ.
ಎರಡನೆಯದು: ಮಗುವಿನ ಭವಿಷ್ಯದ ಬೆಲೆ ನಿಮಗೆ ಎಷ್ಟು?
ಡ್ರಾಯರ್ ಎಳೆದೆ.
ಅಂಟುಪಟ್ಟಿ ತೆಗೆದುಕೊಂಡೆ. ಅದು ಯಾಕೆ ಬೇಕಿತ್ತೋ.
ಮುಚ್ಚಿದೆ.

ಪರದೆಯ ಮೇಲೆ, ಬಿಡಲು ಕಾರಣ:
ಊರು ಬದಲು. ದರ. ಸಮಯ ಹೊಂದಲಿಲ್ಲ. ಗುರಿ ಮುಟ್ಟಿದೆ.
ದರ ಅಂತ ಒತ್ತಿದರೆ
ನಾಳೆ ಬೆಳಿಗ್ಗೆ ಕಚೇರಿಯಿಂದ ಅವರಿಗೆ ಫೋನು ಹೋಗುತ್ತದೆ,
ರಿಯಾಯಿತಿ ಹಿಡಿದ ಸಿಹಿ ದನಿಯೊಂದು.
ಗುರಿ ಮುಟ್ಟಿದೆ ಅಂತ ಒತ್ತಿದೆ.
ಕೈ ನಡುಗಲಿಲ್ಲ. ನಡುಗಿದ್ದರೆ
ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸಿತು.

ಸೋಮವಾರ ಗಿಲಿಯನ್ನಳ ಪತ್ರ:
ಹೊಸಬಳಾಗಿ ಮೊದಲ ತಿಂಗಳೇ ಒಂದು ಮಗುವನ್ನು ದಡ ಮುಟ್ಟಿಸಿದ್ದೀಯ!
ಹಿಂದೆಯೇ ಆರು ಡೋನಟ್‌ಗಳ ಡಬ್ಬಿ.
ಹನ್ನೊಂದು ಮಕ್ಕಳಿದ್ದರು.
ನುಸ್ರತ್ ಅಡಿಪಟ್ಟಿ ಇಟ್ಟು ಒಂದೊಂದನ್ನೂ ಎರಡು ಮಾಡಿದಳು,
ಜಗಳವಿಲ್ಲದೆ ಹಂಚಿದಳು,
ಅರ್ಧ ಉಳಿಯಿತು.

ಷಟರ್ ಎಳೆದ ಮೇಲೆ ನಿಂತೇ ತಿಂದೆ ಅದನ್ನು.
ಸಿಹಿಯಾಗಿಯೇ ಇತ್ತು.
ಮೇಜಿನಡಿ ಕಸ ಗುಡಿಸುವಾಗ ಸಿಕ್ಕಿತು
ಅವನ ಹಾಳೆ: ಮುಕ್ಕಾಲರ ಕೆಳಗೆ ಎರಡು ಗೆರೆ,
ಆಮೇಲೆ ಸಮ ಚಿಹ್ನೆ ಒಂದು,
ಅದರಾಚೆಗೆ ಬಿಳಿ.
ಪರದರ ಮೇಲೆ ಪದರ ಕೂತರೆ ಇದೂ ಕಲ್ಲಾದೀತು.
ಆದರೆ ನನ್ನ ಹತ್ತಿರ ಅಷ್ಟು ವರ್ಷ ಎಲ್ಲಿದೆ,
ನಾಳೆ ಮೂರೂವರೆಗೆ ಮತ್ತೆ ಷಟರ್ ಎತ್ತಬೇಕು.